ನೂರಾ ಮೂವತ್ತೆಂಟರ ಮನೆತನ

ಮಹೇಶ್ವರಪ್ಪನವರು ಬುದ್ಧಿವಂತರೆಂಬ ಸಂಗತಿ 1999ರ ಮಳೆಗಾಲ ಮುಗಿಯುವವರೆಗೂ ಶಿಕಾರಿಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪೇಟೆಯಲ್ಲಿ ಅವರ ಪಾತ್ರೆ ಅಂಗಡಿಗೆ ಒಳ್ಳೆಯ ಹೆಸರಿತ್ತು. ಹಿತ್ತಾಳೆ ಕೊಡವನ್ನು ಬೆರಳಿನಿಂದ ತಟ್ಟಿ ಅದು ಎಷ್ಟು ವರ್ಷ ಬಾಳುತ್ತದೆಂದು ಹೇಳುತ್ತಿದ್ದರು. ಅದನ್ನು ಊರಿನವರು ವ್ಯಾಪಾರ ಎನ್ನುತ್ತಿದ್ದರೇ ಹೊರತು ಬುದ್ಧಿ ಎನ್ನುತ್ತಿರಲಿಲ್ಲ. ಬುದ್ಧಿ ಪತ್ತೆಯಾದದ್ದು ಬಸ್ ಸ್ಟ್ಯಾಂಡ್ ಎದುರಿನ ಸಂಗಮೇಶನ ಎಸ್‌ಟಿಡಿ ಬೂತಿನಲ್ಲಿ. ಅದು ಪತ್ತೆಯಾದ ಗಳಿಗೆಯಲ್ಲಿ ಮಗಳು ಗಂಗಾಶ್ರೀ ಬಾಗಿಲಲ್ಲೇ ನಿಂತಿದ್ದಳು. ಅಪ್ಪನನ್ನು ಊಟಕ್ಕೆ ಕರೆಯಲು ಬಂದವಳು ಅವಳು.

ಸಂಗಮೇಶ ಆ ವರ್ಷ ಬೂತಿನ ಹಿಂದಿನ ಕೋಣೆಗೆ ಕಂಪ್ಯೂಟರ್ ತಂದಿದ್ದ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಬೂತಿನ ಫೋನಿನ ತಂತಿಯನ್ನೇ ಕಂಪ್ಯೂಟರಿಗೆ ಸಿಕ್ಕಿಸಿ ಶಿವಮೊಗ್ಗಕ್ಕೆ ಕರೆ ಹಚ್ಚಿದರೆ, ಅದೃಷ್ಟವಿದ್ದವರಿಗೆ ಇಂಟರ್‌ನೆಟ್ ಸಿಗುತ್ತಿತ್ತು. ಅಲ್ಲಿ ಅಮೆರಿಕದ ಯಾರೋ ಒಬ್ಬ ಪುಣ್ಯಾತ್ಮ ಜನರ ಬುದ್ಧಿ ಅಳೆಯುವ ಪರೀಕ್ಷೆಯನ್ನು ಪುಕ್ಕಟೆ ಇಟ್ಟಿದ್ದ.

ಶಿಕಾರಿಪುರದ ಪೇಟೆಯಲ್ಲಿ ಪತ್ರಿಕೆಯನ್ನು ಯಾರೂ ಒಬ್ಬರೇ ಓದುವುದಿಲ್ಲ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಅಭಿಪ್ರಾಯ ಕೊಡುತ್ತಾರೆ. ಪರೀಕ್ಷೆಯೂ ಅದೇ ಕ್ರಮದಲ್ಲಿ ನಡೆಯಿತು. ಕುರ್ಚಿಯಲ್ಲಿ ಮಹೇಶ್ವರಪ್ಪನವರು ಕೂತಿದ್ದರು. ಹಿಂದೆ ರಿಟೈರ್ಡ್ ಹೆಡ್‌ಮಾಸ್ತರು ಹುಚ್ಚರಾಯಪ್ಪನವರು, ಮೆಡಿಕಲ್ ಶಾಪಿನವರು, ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಅಪರಿಚಿತರು. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು, ಸಂಗಮೇಶ ಕನ್ನಡ ಮಾಡುತ್ತಿದ್ದ.

"ಇವುಗಳಲ್ಲಿ ಗುಂಪಿಗೆ ಸೇರದ್ದು ಯಾವುದು ಅಂತ ಕೇಳ್ಯಾನ್ರೀ. ಸೇಬು, ಬಾಳೆಹಣ್ಣು, ದ್ರಾಕ್ಷಿ, ಆಮೇಲೆ ಈ ಕ್ಯಾರೆಟ್ ಅನ್ನೋ ತರಕಾರಿ."

ಮಹೇಶ್ವರಪ್ಪನವರು ಕಣ್ಣು ಮುಚ್ಚಿ ಯೋಚಿಸಿದರು. "ಕ್ಯಾರೆಟ್ಟು," ಎಂದರು.

"ಶಭಾಷ್!" ಎಂದರು ಅಪರಿಚಿತರು.

ಲೆಕ್ಕದ ಪ್ರಶ್ನೆಗಳನ್ನು ಹುಚ್ಚರಾಯಪ್ಪನವರು ಬಿಡಿಸಿದರು. ಉತ್ತರಗಳನ್ನು ಕಳಿಸುವ ಹೊತ್ತಿಗೆ ಲೈನ್ ಕಟ್ ಆಯಿತು. ಮತ್ತೆ ಮೊದಲಿನಿಂದ ಅವೇ ಪ್ರಶ್ನೆಗಳು. ಮತ್ತೊಮ್ಮೆ ಕಟ್ ಆಯಿತು, ಮತ್ತೊಮ್ಮೆ ಅವೇ. ಕೊನೆಗೆ ಫಲಿತಾಂಶ ಬಂದಾಗ ಪರದೆಯ ಮೇಲೆ 138 ಎಂದಿತ್ತು. ಅಂಥ ಬುದ್ಧಿ ಜಗತ್ತಿನಲ್ಲಿ ನೂರಕ್ಕೆ ಒಬ್ಬರಿಗೂ ಇರುವುದಿಲ್ಲವೆಂದು ಸಂಗಮೇಶ ಓದಿ ಹೇಳಿದ. ಉತ್ತರ ಹೇಳಲು ಸೇರಿದ್ದ ಐವರ ಪೈಕಿ ಅದು ಕುರ್ಚಿಯಲ್ಲಿ ಕೂತವರದ್ದೇ ಎಂಬ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಅಲ್ಲಿ ಟೈಪ್ ಮಾಡಿದ್ದು ಅವರ ಹೆಸರನ್ನು ತಾನೆ!

ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಅಂಗಡಿಯಲ್ಲಿ ಬಸವಣ್ಣನ ಫೋಟೋದ ಪಕ್ಕ ತೂಗುಹಾಕಿದರು. ಊದಿನಕಡ್ಡಿಯ ಹೊಗೆ ಎರಡಕ್ಕೂ ಸಮನಾಗಿ ತಾಗುತ್ತಿತ್ತು. ಅಂದಿನಿಂದ ಅವರು ಮನೆಯಲ್ಲಿ ಮಾತಾಡುವುದು ಕಡಿಮೆ ಮಾಡಿ ತಲೆ ಆಡಿಸುವುದನ್ನು ಹೆಚ್ಚು ಮಾಡಿದರು. ಸಾರಿಗೆ ಉಪ್ಪು ಕಡಿಮೆಯಾದರೂ ತಲೆ ಆಡಿಸುತ್ತಿದ್ದರು. "ಮೊದಲಾದರೆ ಬೈತಿದ್ರು, ತಿಳೀತಿತ್ತು," ಎಂದು ಹೆಂಡತಿ ಸರ್ವಮಂಗಳಮ್ಮ ಬೇಸರ ಮಾಡಿಕೊಂಡರು.

ಇಷ್ಟಕ್ಕೇ ನಿಂತಿದ್ದರೆ ಗಂಗಾಶ್ರೀ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಸೊರಬದಿಂದ ಅವಳಿಗೊಂದು ಸಂಬಂಧ ಬಂದಿತ್ತು. ಹುಡುಗ ಚನ್ನೇಶ್, ಸೊರಬದಲ್ಲಿ ಪಂಪ್‌ಸೆಟ್ ಅಂಗಡಿ. ನೋಡಲು ಬಂದ ದಿನ ಮಹೇಶ್ವರಪ್ಪನವರು ಹೊಸ ಗತ್ತಿನಲ್ಲಿ, "ಬೆಳಕಿನ ವೇಗ ಎಷ್ಟ್ರೀ?" ಎಂದು ಕೇಳಿದ್ದರು. ಚನ್ನೇಶ್ ಮಂಡಕ್ಕಿಯ ತಟ್ಟೆಯಿಂದ ಮಿರ್ಚಿ ಎತ್ತಿಕೊಳ್ಳುತ್ತ, "ಗೊತ್ತಿಲ್ಲ. ಸೊರಬಕ್ಕೆ ಬರೋ ಕರೆಂಟಿಂದಾದ್ರೆ ನಿಧಾನ," ಎಂದಿದ್ದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಗಂಡಸನ್ನು ಗಂಗಾಶ್ರೀ ಪೇಟೆಯಲ್ಲಿ ಅದುವರೆಗೆ ಕಂಡಿರಲಿಲ್ಲ. ಮದುವೆಯಾದರೆ ಇವನನ್ನೇ ಎಂದು ಅವಳು ಅಡುಗೆಮನೆಯಲ್ಲಿ ಅವ್ವನಿಗೆ ಆಗಲೇ ಹೇಳಿಬಿಟ್ಟಿದ್ದಳು.

ಅಪ್ಪನ ಷರತ್ತು ಮಾರನೆಯ ದಿನ ಹೊರಬಿತ್ತು. "ಜಾತಕ ಕೂಡಿದರ ಆತೇನು? ಬುದ್ಧಿ ಕೂಡಬೇಕು. ಹುಡುಗ ಪರೀಕ್ಷೆಗೆ ಕೂರಲಿ."

"ರೀ, ನಾನು ಯಾವ ಪರೀಕ್ಷೆ ಪಾಸು ಮಾಡಿ ನಿಮ್ಮನ್ನ ಕಟ್ಟಿಕೊಂಡೆ?" ಎಂದರು ಸರ್ವಮಂಗಳಮ್ಮ.

ಮಹೇಶ್ವರಪ್ಪನವರು ತಲೆ ಆಡಿಸಿದರು.

ಚನ್ನೇಶ್ ಬಸ್ಸು ಹತ್ತಿ ಬಂದು ಪರೀಕ್ಷೆಗೆ ಕೂತ. ಈ ಸಲ ಎಲ್ಲವೂ ಶಿಸ್ತು. ಹಿಂದೆ ಯಾರೂ ನಿಲ್ಲಕೂಡದು, ಸಂಗಮೇಶ ಬಾಯಿ ಬಿಡಕೂಡದು ಎಂದು ಮಹೇಶ್ವರಪ್ಪನವರೇ ಕಾವಲು ನಿಂತರು. ಅಪರೂಪಕ್ಕೆ ಲೈನ್ ಕೂಡ ಗಟ್ಟಿಯಾಗಿ ನಿಂತಿತು. ಕನ್ನಡದಲ್ಲಿ ಓದಿದ ಹುಡುಗ ಇಂಗ್ಲಿಷ್ ಪ್ರಶ್ನೆಯ ಅರ್ಥ ಹಿಡಿಯುವಷ್ಟರಲ್ಲಿ ಪರದೆಯ ಗಡಿಯಾರ ಮುಂದಕ್ಕೋಡುತ್ತಿತ್ತು. ಬಂದದ್ದು 94.

"ನೂರು ಸರಾಸರಿಯಂತ. ಇವಂದು ಅದಕ್ಕೂ ಕಮ್ಮಿ," ಎಂದು ರಾತ್ರಿ ಊಟಕ್ಕೆ ಕೂತಾಗ ಮಹೇಶ್ವರಪ್ಪನವರು ಸಾರಿದರು. "ಆಗಂಗಿಲ್ಲ ಅಂತ ಸೊರಬಕ್ಕ ಫೋನ್ ಮಾಡ್ತೀನಿ."

ಗಂಗಾಶ್ರೀ ಬೆಳಿಗ್ಗೆಯೇ ಬೂತಿಗೆ ಹೋಗಿ ಆ ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಬಿ.ಕಾಂ. ಓದಿದವಳಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ತಳದಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಒಂದು ಸಾಲಿತ್ತು: ಇದು ಕೇವಲ ಮನರಂಜನೆಗೆ. ಓಡಿಬಂದು ಅಪ್ಪನಿಗೆ ಹೇಳಿದಳು.

"ಅಪ್ಪಾಜಿ, ಆಟಕ್ಕೆ ಇಟ್ಟಿದ್ದಂತೆ. ಅವರೇ ಬರೆದಾರ."

"ಎಷ್ಟು ದೊಡ್ಡಕ್ಷರದಾಗೆ?"

"ಸಣ್ಣಕ್ಷರದಾಗೆ."

"ಮುಖ್ಯ ಆಗಿದ್ರ ದೊಡ್ಡದಾಗಿ ಬರೀತಿದ್ರು. ನೂರಾ ಮೂವತ್ತೆಂಟು ಹೆಂಗ ಬರೆದಾರ ನೋಡು ಅಲ್ಲಿ!" ಅವರು ಗೋಡೆಯತ್ತ ಕೈ ತೋರಿಸಿದರು.

ಗಂಗಾಶ್ರೀಗೆ ತನ್ನ ತಪ್ಪು ಆಗ ತಿಳಿಯಿತು. ಪರೀಕ್ಷೆ ಸುಳ್ಳೆಂದರೆ ಗೋಡೆಯ ಮೇಲಿನದೂ ಸುಳ್ಳಾಗುತ್ತದೆ. ಅದನ್ನು ಅಪ್ಪ ಈ ಜನ್ಮದಲ್ಲಿ ಒಪ್ಪಲಾರರು. ಅವಳು ಬೇರೆ ದಾರಿ ಹಿಡಿದಳು.

"ಸರಿ ಅಪ್ಪಾಜಿ, ಪರೀಕ್ಷೆ ಖರೇನೇ ಅನ್ನೋಣ. ಆದ್ರೆ ಅದನ್ನ ಬರೆಯೋ ಸರಿಯಾದ ಕ್ರಮ ಯಾವುದು? ನೀವು ಬರೆದಾಗ ಐದು ಜನ ಇದ್ರಿ, ಸಂಗಮೇಶ ಕನ್ನಡ ಹೇಳಿದ. ಸೊರಬದವರು ಬರೆದಾಗ ಒಬ್ಬರೇ. ಒಬ್ಬರೇ ಬರೆಯೋದು ಸರಿ ಅಂದ್ರೆ ನೀವು ಇನ್ನೊಮ್ಮೆ ಒಬ್ಬರೇ ಕೂರಬೇಕಾಗ್ತದ."

ಮಹೇಶ್ವರಪ್ಪನವರು ಕೊಡವೊಂದನ್ನು ಎತ್ತಿ, ತಟ್ಟಿ, ಕೆಳಗಿಟ್ಟರು. ಅವರ ಬುದ್ಧಿ ನಿಜವಾಗಿ ಕೆಲಸ ಮಾಡಿದ್ದು ಆ ಗಳಿಗೆಯಲ್ಲಿ.

"ಜನ ಇರಬೇಕು," ಎಂದರು ನಿಧಾನವಾಗಿ. "ದೊಡ್ಡ ವಿಷಯದಾಗ ನಾಲ್ಕು ಜನ ಇರೋದೇ ಪದ್ಧತಿ. ಸೊರಬದವರು ಜನ ಕರಕೊಂಡು ಬರಲಿ."

ಭಾನುವಾರ ಮಧ್ಯಾಹ್ನ ಸೊರಬದವರು ಜೀಪು ಮಾಡಿಕೊಂಡು ಬಂದರು. ಚನ್ನೇಶನ ತಂದೆ ಉಚ್ಚಂಗಪ್ಪನವರು ಶಲ್ಯ ಹೊದ್ದಿದ್ದರು. ಜೊತೆಗೆ ಇಬ್ಬರು ಚಿಕ್ಕಪ್ಪಂದಿರು, ಪ್ರಶ್ನೆ ಬಿಡಿಸಲೆಂದೇ ಕರೆತಂದ ಹೈಸ್ಕೂಲಿನ ಗಣಿತದ ಮೇಷ್ಟ್ರು, ಹಣ್ಣುಕಾಯಿಯ ತಟ್ಟೆ ಹಿಡಿದ ಸೋದರತ್ತೆ. ತಟ್ಟೆಯನ್ನು ಕಂಪ್ಯೂಟರಿನ ಮುಂದಿಟ್ಟರು. ಪರದೆಗೆ ಕುಂಕುಮ ಹಚ್ಚಲು ಹೋದ ಅತ್ತೆಯನ್ನು ಸಂಗಮೇಶ ಕೈ ಮುಗಿದು ತಡೆದ.

ಸಂಗಮೇಶ ಪ್ರಶ್ನೆಗಳನ್ನು ಎಂದಿನಂತೆ ಕನ್ನಡ ಮಾಡಿದ, ಮೇಷ್ಟ್ರು ಬೆರಳು ಮಡಚಿದರು, ಚಿಕ್ಕಪ್ಪಂದಿರು ಕೂಗಿದರು. ಚನ್ನೇಶ್ ಮಾತ್ರ ಪಂಪಿನ ಸ್ವಿಚ್ಚು ಒತ್ತುವವನಂತೆ ಹೇಳಿದ್ದನ್ನು ಒತ್ತುತ್ತ ಹೋದ. ಎರಡು ಸಲ ಲೈನ್ ಕಟ್ ಆಗಿ ಮೂರನೆಯ ಸಲಕ್ಕೆ ಫಲಿತಾಂಶ ಬಂತು. 147.

"ಆಯ್ತಲ್ರೀ," ಎಂದು ಗಂಗಾಶ್ರೀ ಉಸಿರು ಬಿಟ್ಟಳು.

ಆಗಿರಲಿಲ್ಲ. ಉಚ್ಚಂಗಪ್ಪನವರು ಶಲ್ಯ ಸರಿಮಾಡಿಕೊಂಡರು. ಅವರೂ ತಲೆ ಆಡಿಸಲು ಶುರುಮಾಡಿದರು.

"ನೂರಾ ನಲವತ್ತೇಳು ಅಂದ್ರೆ ಹುಡುಗಾಟನ ಮಾರಾಯ್ರೇ?" ಎಂದರು ಅವರು. "ಮಹೇಶ್ವರಪ್ಪನೋರೇ, ನಿಮ್ಮದು ಮೂವತ್ತೆಂಟು. ಇರ್ಲಿ, ಹಿರಿಯರು. ಹುಡುಗೀದು ಎಷ್ಟು? ನಾವೂ ನೋಡ್ಬೇಕಲ್ಲ. ನಾಳೆ ನಮ್ಮ ಹುಡುಗನ ಸಮಕ್ಕೆ ಮಾತಾಡೋರು ಬೇಕಲ್ಲ."

ಅಪ್ಪನ ಮುಖ ನೋಡಿದರೆ ಅವಳಿಗೆ ಅಯ್ಯೋ ಎನಿಸಿತು. ತಾನೇ ಕಟ್ಟಿದ ಗಂಟು, ಬಿಚ್ಚಲು ಬರುತ್ತಿರಲಿಲ್ಲ. "ಕೂಡವ್ವ," ಎಂದರು ಸಣ್ಣ ದನಿಯಲ್ಲಿ. "ನನ್ನ ಮಗಳಲ್ಲೇನು ನೀನು."

ಗಂಗಾಶ್ರೀ ಕೂತಳು. ನೂರಾ ನಲವತ್ತಾರು ಬಂದರೆ ಸೊರಬದವರು ಎದ್ದು ಹೋಗುತ್ತಾರೆ, ನಲವತ್ತೆಂಟು ಬಂದರೆ ಮುನಿಸಿಕೊಂಡು ಹೋಗುತ್ತಾರೆ. ಹಿಂದೆ ಎರಡೂ ಕಡೆಯವರು ಸೇರಿ ಕೂಗುತ್ತಿದ್ದರು. "ಕ್ಯಾರೆಟ್ಟು, ಕ್ಯಾರೆಟ್ಟು ಒತ್ತು!" ಎಂದು ಕ್ಯಾರೆಟ್ಟೇ ಇಲ್ಲದ ಪ್ರಶ್ನೆಗೂ ಅಪ್ಪ ಹೇಳುತ್ತಿದ್ದರು. ಕೊನೆಯ ಉತ್ತರ ಗುರುತು ಹಾಕಿ ಅವಳು ಕಳಿಸುವ ಗುಂಡಿ ಒತ್ತಿದಳು.

ಪರದೆ ನಿಂತಲ್ಲೇ ನಿಂತಿತು.

"ಲೈನ್ ಹೋತು," ಎಂದ ಸಂಗಮೇಶ. ತಂತಿಯನ್ನು ಕಂಪ್ಯೂಟರಿನಿಂದ ಬಿಚ್ಚಿ ಫೋನಿಗೆ ಹಾಕಿ, ರಿಸೀವರ್ ಕಿವಿಗೆ ಹಿಡಿದ. "ಪೂರಾ ಸತ್ತೇ ಹೋಗೈತಲ್ಲ!"

ಲೈನ್ ಸತ್ತರೆ ಮೇಜಿನ ಕೆಳಗೆ ನೋಡುವ ಅಭ್ಯಾಸ ಆ ಊರಿನಲ್ಲಿ ಯಾರಿಗೂ ಇರಲಿಲ್ಲ. ಎಕ್ಸ್‌ಚೇಂಜನ್ನು ಬೈಯುವ ಅಭ್ಯಾಸವಿತ್ತು. ಎರಡೂ ಕಡೆಯವರು ಒಂದಾಗಿ ಬೈದರು. ಮಧ್ಯಾಹ್ನದಿಂದ ಅವರು ಒಮ್ಮತಕ್ಕೆ ಬಂದ ಮೊದಲ ವಿಷಯ ಅದು. ಗಂಗಾಶ್ರೀ ಕಣ್ಣು ಕೆಳಗಿಳಿಸಿದಳು. ಗೋಡೆಗೆ ಒರಗಿ ನಿಂತ ಚನ್ನೇಶನ ಬಲಗಾಲಿನ ಹೆಬ್ಬೆರಳು, ಗೋಡೆಯಿಂದ ಕಿತ್ತುಬಂದ ಫೋನಿನ ತಂತಿಯ ಮೇಲೆ ತಣ್ಣಗೆ ಕೂತಿತ್ತು. ಅವನು ಚಾವಣಿಯ ಫ್ಯಾನನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

"ಶಿರಾಳಕೊಪ್ಪದ ಹತ್ರ ಎಲ್ಲೋ ಮರ ಬಿದ್ದಿರ್ಬೇಕು," ಎಂದ. "ಇವತ್ತಿಗೆ ಬರಲ್ಲ ಅನ್ಸುತ್ತೆ."

"ನಾಲ್ಕೂವರೆಗೆ ರಾಹುಕಾಲ ಕೂಡ್ತದ," ಎಂದರು ಬಾಗಿಲಲ್ಲಿದ್ದ ಸರ್ವಮಂಗಳಮ್ಮ. ಮಗಳ ಕಣ್ಣು ಹೋದ ಕಡೆ ಅವರ ಕಣ್ಣೂ ಹೋಗಿತ್ತು. "ಮಾತು ಮುಗಿಸೋದಿದ್ರ ಈಗ ಮುಗಿಸ್ರಿ. ಇಲ್ಲಾಂದ್ರ ಹಣ್ಣುಕಾಯಿ ಹಂಗೇ ವಾಪಸ್ ಒಯ್ಯಬೇಕಾಗ್ತದ ನೋಡ್ರಿ ಬೀಗರೇ."

ತಂದ ತಟ್ಟೆಯನ್ನು ವಾಪಸ್ಸು ಒಯ್ಯುವುದು ನೂರಾ ನಲವತ್ತೇಳಕ್ಕೂ ಅವಮಾನವೇ. ಉಚ್ಚಂಗಪ್ಪನವರು ಗಡಿಯಾರ ನೋಡಿದರು, ತಟ್ಟೆ ಎತ್ತಿದರು. ಕಂಪ್ಯೂಟರಿನ ಮುಂದೆಯೇ ಎಲೆ ಅಡಿಕೆ ಕೈ ಬದಲಾಯಿತು.

ಮದುವೆ ಮುಗಿದರೂ ಗೋಡೆಯ ಮೇಲಿನ 138 ಇಳಿಯಲಿಲ್ಲ. ಕೊಡ ಕೊಳ್ಳಲು ಬಂದವರು ಮಗಳ ಸುದ್ದಿ ಕೇಳಿದರೆ ಮಹೇಶ್ವರಪ್ಪನವರು ಅದರತ್ತ ನೋಡಿ ಹೇಳುತ್ತಾರೆ: "ನಂದು ಇಷ್ಟು. ಅಳಿಯಂದು ನೂರಾ ನಲವತ್ತೇಳು. ಮಗಳದ್ದು ಅಳೆಯಾಕ ಹೋದ್ವಿ ನೋಡ್ರಿ, ಲೈನೇ ತಡೀಲಿಲ್ಲ."