ಅಮ್ಮ ಹಾಕಿದ ಜಡೆ

ಕದರಮ್ಮ ಮಗಳ ತಲೆ ಮುಟ್ಟಿ ಹದಿನಾರು ದಿನವಾಗಿತ್ತು.

ಮುಟ್ಟಬಾರದು ಎಂದು ಅತ್ತೆ ಮುದ್ದಕ್ಕ ಹೇಳಿದ್ದಳು. ಗುಡಿಯ ಪೂಜಾರಿ ಚಿಕ್ಕರಂಗಯ್ಯನೂ ಹೇಳಿದ್ದ. ಹಟ್ಟಿಯ ಹೆಂಗಸರೆಲ್ಲ ಬಂದು, ದೂರದಿಂದಲೇ ನೋಡಿ, ಕೈ ಮುಗಿದು ಹೋಗಿದ್ದರು. ಹನ್ನೊಂದು ವರ್ಷದ ಗಿರಿಯಮ್ಮ ತಲೆಗೆ ಹಳದಿ ಬಟ್ಟೆ ಕಟ್ಟಿಕೊಂಡು ಜಗಲಿಯ ಮೂಲೆಯಲ್ಲಿ ಕೂತಿರುತ್ತಿದ್ದಳು. ದೊಡ್ಡವರು ತನಗೆ ಕೈ ಮುಗಿಯುವುದು ಮೊದಲೆರಡು ದಿನ ಅವಳಿಗೆ ಚೆನ್ನಾಗಿತ್ತು. ಆಮೇಲೆ ತುರಿಕೆ ಶುರುವಾಯಿತು.

ಆದದ್ದು ಇಷ್ಟು. ಕೊಡಿಗೇನಹಳ್ಳಿಯಿಂದ ಎರಡು ಮೈಲಿ ದೂರದ ಆ ಹಟ್ಟಿಯಲ್ಲಿ ಎಲ್ಲರೂ ಕುರಿ ಸಾಕುವವರು, ಕಂಬಳಿ ನೇಯುವವರು. ಕದರಮ್ಮನ ಗಂಡ ಓಬಳಯ್ಯ ಮಂದೆ ಹೊಡೆದುಕೊಂಡು ಹಿಂದೂಪುರದ ಕಡೆ ಹೋಗಿದ್ದ. ಅವನು ಹೋದ ವಾರಕ್ಕೇ ಮಗಳಿಗೆ ಜ್ವರ ಹಿಡಿಯಿತು. ಮೂರು ವಾರ ಬಿಡಲಿಲ್ಲ. ಮೊಮ್ಮಗಳೆಂದರೆ ಜೀವ ಬಿಡುವ ಮುದ್ದಕ್ಕ, ತಲೆ ತಂಪಾಗಲಿ ಎಂದು ದಿನಕ್ಕೊಂದು ಬಟ್ಟಲು ಹರಳೆಣ್ಣೆಯನ್ನು ನೆತ್ತಿಗೆ ಒತ್ತಿದಳು. ಜ್ವರದ ಕೂಸಿಗೆ ಬಾಚಣಿಗೆ ತಾಗಿಸುವುದು ಬೇಡವೆಂದು ಕೂದಲನ್ನು ಸುತ್ತಿ ಬಟ್ಟೆ ಕಟ್ಟಿದಳು. ಜ್ವರ ಬಿಟ್ಟ ದಿನ ಅವಳ ಸಂತೋಷಕ್ಕೆ ಮಿತಿಯಿರಲಿಲ್ಲ. ಒಂದು ಹಂಡೆ ನೀರು ಕುದಿಯುವಂತೆ ಕಾಯಿಸಿ, ಸೀಗೆಪುಡಿ ಹಾಕಿ, ಮೂರು ವಾರದ ಎಣ್ಣೆ ಹೋಗಲೆಂದು ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಮಾಡಿ ಎರಡೂ ಕೈಯಲ್ಲಿ ಗಸಗಸ ಉಜ್ಜಿದಳು. ನೀರು ಸುರಿದು ನೋಡಿದರೆ, ಸೊಂಟದವರೆಗೆ ಇದ್ದ ಕೂದಲು ಒಂದೇ ಮುದ್ದೆ. ಬೆರಳು ತೂರಲಿಲ್ಲ.

ಮುದ್ದಕ್ಕನ ಕೈಯಿಂದ ಚೆಂಬು ಬಿತ್ತು.

“ಅಮ್ಮ ಜಡೆ ಕೊಟ್ಟವ್ಳೆ ಕಣೇ ಕದರೀ,” ಎಂದಳು.

ನಮ್ಮ ಕಡೆ ಜಡೆ ಎಂದರೆ ಎರಡು. ಹೆಣ್ಣುಮಕ್ಕಳು ಹೆಣೆದು ಹಾಕಿಕೊಳ್ಳುವುದು ಒಂದು. ಕೂದಲು ತಾನಾಗಿ ಗಂಟುಬಿದ್ದು ಹಗ್ಗದಂತಾದರೆ ಅದೂ ಜಡೆ. ಅದು ಊರಮ್ಮ ಕೊಟ್ಟದ್ದು, ಬಾಚಬಾರದು, ಕತ್ತರಿಸಬಾರದು. ಜಡೆ ಬಂದ ಹುಡುಗಿಯನ್ನು ಅಮ್ಮನಿಗೆ ಬಿಡಬೇಕು. ಬಿಟ್ಟ ಹುಡುಗಿಗೆ ಗಂಡನಿಲ್ಲ, ಮನೆಯಿಲ್ಲ. ದೇವರ ಬುಟ್ಟಿ ಹೊತ್ತು ಊರೂರು ತಿರುಗಬೇಕು. ಕೊಟ್ಟವರ ಮನೆಯಲ್ಲಿ ಉಣ್ಣಬೇಕು. ಕರೆದವರ ಮಾತು ಕೇಳಬೇಕು.

ಬರುವ ಹುಣ್ಣಿಮೆಗೆ ಬಿಡುವುದೆಂದು ನಿಶ್ಚಯವಾಯಿತು. ಅದಕ್ಕೆ ಎಂಟು ದಿನ ಉಳಿದಿತ್ತು.

ಆ ಮಂಗಳವಾರ ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಕೊಡಿಗೇನಹಳ್ಳಿಯಿಂದ ನರ್ಸು ದಾಕ್ಷಾಯಣಮ್ಮ ಬಂದರು. ಬಿಳಿ ಸೀರೆ, ಬರಿಯ ಹಣೆ, ಕೈಯಲ್ಲಿ ಚರ್ಮದ ಚೀಲ. ಕದರಮ್ಮ ಬೇಲಿಯ ಹತ್ತಿರ ಕಾದು ನಿಂತಿದ್ದಳು.

“ನರ್ಸಮ್ಮಾರೇ, ತಲೆ ತುರಿಕೆಗೆ ಏನಾನ ಔಸ್ತಿ ಐತಾ?”

“ಯಾರಿಗಮ್ಮ?”

“ನನ್ನ ಮಗೀಗೆ. ಬಟ್ಟೆ ಬಿಚ್ಚಿ ನೋಡಂಗಿಲ್ಲ. ಸುಮ್ಕೆ ಔಸ್ತಿ ಕೊಡಿ ಸಾಕು.”

“ನೋಡದೆ ಔಷಧಿ ಕೊಡೋಕೆ ನಾನೇನು ಕಣಿ ಹೇಳೋಳಾ? ನಡಿ, ಮಗು ತೋರಿಸು.”

ಮುದ್ದಕ್ಕ ಜಗಲಿಯ ಮೇಲೆ ಉಣ್ಣೆಯ ರಾಶಿ ಮುಂದಿಟ್ಟುಕೊಂಡು, ಕಸಕಡ್ಡಿ ತೆಗೆದು ಬಿಡಿಸುತ್ತಾ ಕೂತಿದ್ದಳು. ನರ್ಸನ್ನು ಕಂಡದ್ದೇ ಅವಳ ಮುಖ ಬಿಗಿಯಿತು.

“ಬಾಣಂತಿ ಮನೆ ಆ ಕಡೆ ಕಣಮ್ಮ.”

“ನೋಡ್ಕೊಂಡು ಬಂದೆ ಮುದ್ದಕ್ಕ. ಕುಡಿಯೋಕೆ ನೀರು ಕೊಡ್ತೀರಾ?”

ನೀರು ಕೇಳಿದವರನ್ನು ಹೊರಡು ಎನ್ನಲಾಗುವುದಿಲ್ಲ. ದಾಕ್ಷಾಯಣಮ್ಮ ನೀರು ಕುಡಿದರು, ಹುಡುಗಿಯಿಂದ ಒಂದು ಮೊಳ ದೂರ ಕೂತರು. ಬಟ್ಟೆ ಮುಟ್ಟಲಿಲ್ಲ. ಹಳದಿ ಬಟ್ಟೆಯ ಅಂಚಿನಲ್ಲಿ ಕೀವಿನ ಕಲೆಯಿತ್ತು. ಕತ್ತಿನ ಹಿಂದೆ ಕೆರೆದ ಗಾಯಗಳಿದ್ದವು. ಒಂದು ಹೇನು ಕಿವಿಯ ಮೇಲೆ ಹರಿದು ಬಟ್ಟೆಯೊಳಗೆ ಹೋಯಿತು.

ಯಾವ ಎಣ್ಣೆ ಹಚ್ಚಿದಿರಿ, ಎಷ್ಟು ದಿನ, ಹೇಗೆ ಎರೆದಿರಿ ಎಂದು ಅವರು ಕೇಳಿದರು. ಕದರಮ್ಮ ಒಂದೊಂದನ್ನೇ ಹೇಳಿದಳು.

“ಇದು ಅಮ್ಮ ಕೊಟ್ಟ ಜಡೆ ಅಲ್ಲ, ಹರಳೆಣ್ಣೆ ಕೊಟ್ಟಿದ್ದು,” ಎಂದರು ದಾಕ್ಷಾಯಣಮ್ಮ. “ಅಂಟು ಎಣ್ಣೆ ಅದು. ಮೂರು ವಾರ ಬಾಚದೆ ಕಟ್ಟಿಟ್ಟು, ಆಮೇಲೆ ಬಿಸಿನೀರಲ್ಲಿ ಗುಡ್ಡೆ ಮಾಡಿ ಉಜ್ಜಿದ್ರೆ ಯಾರ ಕೂದಲಾದ್ರೂ ಹೀಗೇ ಆಗುತ್ತೆ. ನನ್ನದೂ ಆಗುತ್ತೆ.”

“ಅಂಗಂದ್ರೆ ನಾನೇ ಮಾಡ್ದೆ ಅಂತೀಯಾ?” ಎಂದಳು ಮುದ್ದಕ್ಕ. “ಇಪ್ಪತ್ತೊಂದು ದಿನ ನಿದ್ದೆಗೆಟ್ಟು ಕುಂತಿವ್ನಿ ಕಣಮ್ಮ ನಾನು, ಈ ಮಗೀನ ತಲೆದೆಸೇಲಿ.”

“ನೀವು ಪ್ರೀತಿ ಮಾಡಿದ್ರಿ. ಎಣ್ಣೆಗೆ ಅದು ಗೊತ್ತಾಗೋದಿಲ್ಲ.”

“ಮುಡಿಯೋ ಭಾಗ್ಯ ಇಲ್ದೋಳು ನೀನು! ಕೂದ್ಲ ವಿಚಾರ ನಿಂಗೇನ್ ಗೊತ್ತು?”

ಕದರಮ್ಮ ನೆಲ ನೋಡಿದಳು. ದಾಕ್ಷಾಯಣಮ್ಮ ಚೆಂಬನ್ನು ಪಕ್ಕಕ್ಕೆ ಇಟ್ಟರು.

“ಮುಡಿಯೋದಿಲ್ಲ ಮುದ್ದಕ್ಕ. ಬಾಚ್ಕೋತೀನಿ.”

ನೆಲ ನೋಡುತ್ತಿದ್ದ ಕದರಮ್ಮನ ಕಣ್ಣು ಅತ್ತೆಯ ಮುಂದಿದ್ದ ಉಣ್ಣೆಯ ರಾಶಿಯ ಮೇಲೆ ಹೋಯಿತು. ಮದುವೆಯಾಗಿ ಬಂದು ಹದಿಮೂರು ವರ್ಷದಲ್ಲಿ ಅವಳು ಅತ್ತೆಗೆ ಎದುರು ಪ್ರಶ್ನೆ ಕೇಳಿದವಳಲ್ಲ. ಈಗ ಕೇಳಿದಳು.

“ಅತ್ತೆ, ಈ ತುಪ್ಪಟನ ಬಿಸಿನೀರಿಗೆ ಹಾಕಿ ಉಜ್ಜಿದ್ರೆ ಏನಾಯ್ತದೆ?”

“ಯಾವಳಾರ ತುಪ್ಪಟ ಬಿಸಿನೀರಿಗೆ ಹಾಕ್ತಾಳೇನೇ, ತಿಕ್ಕಲು! ಗಡ್ಡೆ ಕಟ್ಕೊಂಡು…”

ಮುದ್ದಕ್ಕನ ಮಾತು ಅಲ್ಲೇ ನಿಂತಿತು. ಬಿಡಿಸುತ್ತಿದ್ದ ಉಣ್ಣೆ ಬೆರಳ ಸಂದಿಯಲ್ಲೇ ಉಳಿಯಿತು. ಅವಳು ಅದನ್ನು ನೋಡಿದಳು, ಮೊಮ್ಮಗಳ ತಲೆಯನ್ನು ನೋಡಿದಳು.

“ಕುರಿಗೂ ನನ್ನ ಮೊಮ್ಮಗಳಿಗೂ ಸಾಟಿ ಮಾಡ್ತೀಯೇನೇ?” ಎಂದಳು. ಆದರೆ ಆ ಮಾತಿನಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಆಗಲೇ ಬೀದಿಯಲ್ಲಿ ಗಂಟೆಯ ಸದ್ದಾಯಿತು. ಮಂಗಳವಾರ ಮಂಗಳವಾರ ಕಾಳು ಕೇಳಲು ಬರುವ ಆಂಜಿನಮ್ಮ. ತಲೆಯ ಮೇಲೆ ಅಮ್ಮನ ಬುಟ್ಟಿ, ಬುಟ್ಟಿಯ ಕೆಳಗಿಂದ ಮಂಡಿಯವರೆಗೆ ಇಳಿಬಿದ್ದ ಮೂರು ಜಡೆ. ಮೂವತ್ತೆರಡರ ಹೆಂಗಸು ಐವತ್ತರವಳಂತೆ ಕಾಣುತ್ತಿದ್ದಳು.

“ಬಾರೇ ಆಂಜಿನಮ್ಮ,” ಎಂದು ಮುದ್ದಕ್ಕ ಆಸರೆ ಸಿಕ್ಕವಳಂತೆ ಕೂಗಿದಳು. “ಜಡೆ ಹೊತ್ತೋಳು ನೀನೇ ಹೇಳು. ಅಮ್ಮ ಹೆಂಗೆ ಕೊಟ್ಲು ಅಂತ ಇವ್ರಿಗೆ ಹೇಳು.”

ಆಂಜಿನಮ್ಮ ಬುಟ್ಟಿ ಇಳಿಸಿದಳು. ಗಿರಿಯಮ್ಮ ಬಟ್ಟೆಯ ಮೇಲಿಂದಲೇ ತಲೆ ಕೆರೆದುಕೊಳ್ಳುವುದನ್ನು ಸ್ವಲ್ಪ ಹೊತ್ತು ನೋಡಿದಳು. ತಾನೂ ಕೆರೆದುಕೊಂಡಳು.

“ದೊಡ್ಡ ಜ್ವರದ ವರ್ಷ,” ಎಂದಳು. “ನಂಗೆ ಹತ್ತು. ಮನೇಲೆಲ್ಲ ಮಲಗಿದ್ವಿ. ನಮ್ಮಮ್ಮ ಹೋಗ್ಬುಟ್ಲು. ನಾನು ಉಳ್ಕಂಡೆ. ತಲೆ ಬಾಚೋರು ಯಾರಿದ್ರು? ಗಂಟಾಯ್ತು. ಆಮೇಲೆ ಎಲ್ಲ ಬಂದು ಕೈ ಮುಗಿದ್ರು.”

“ಮತ್ತೆ ಇಷ್ಟು ವರ್ಷ ಹೇಳ್ಬಾರ್ದಿತ್ತೇನೇ?”

“ಯಾರು ಕೇಳಿದ್ರು ಮುದ್ದಕ್ಕ? ನೀನೇ ಮೊದ್ಲು ಕೇಳಿದ್ದು, ಇವತ್ತು.” ಆಂಜಿನಮ್ಮ ಕದರಮ್ಮನ ಕಡೆ ಕೈ ತೋರಿಸಿದಳು. “ಈ ಮಗೀಗೆ ಹೆತ್ತಮ್ಮ ಬದ್ಕವ್ಳೆ. ಎದುರ್ಗೇ ಕುಂತವ್ಳೆ. ಮುಟ್ಟಬೇಡ ಅಂತ ಯಾಕೆ ಕೂರ್ಸಿದ್ದೀರಿ?”

ಕದರಮ್ಮ ಎದ್ದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮಗಳ ಹಿಂದೆ ಕೂತು ಹಳದಿ ಬಟ್ಟೆಯ ಗಂಟು ಬಿಚ್ಚಿದಳು. ಮುದ್ದಕ್ಕ ತಡೆಯಲಿಲ್ಲ.

ಬಿಡಿಸಲು ಆರು ಮಧ್ಯಾಹ್ನ ಹಿಡಿಯಿತು.

ದಾಕ್ಷಾಯಣಮ್ಮ ಕಡಲೆಕಾಯಿ ಎಣ್ಣೆ ತರಿಸಿ, ತುಸುವೇ ಬೆಚ್ಚಗೆ ಮಾಡಿ ಮುದ್ದೆಗೆ ಸವರಿದರು. ಮುದ್ದೆಯನ್ನು ಸಣ್ಣ ಸಣ್ಣ ಭಾಗ ಮಾಡಿಕೊಂಡು, ಬುಡವನ್ನು ಒಂದು ಕೈಯಲ್ಲಿ ಹಿಡಿದು, ತುದಿಯಿಂದ ಬೆರಳಲ್ಲೇ ಬಿಡಿಸುತ್ತಾ ಮೇಲೆ ಬರಬೇಕು ಎಂದು ತೋರಿಸಿದರು. ಬುಡದಿಂದ ಎಳೆದರೆ ಗಂಟು ಬಿಗಿಯುತ್ತದೆ, ಮಗು ಅಳುತ್ತದೆ. ಸ್ವಲ್ಪ ಹೊತ್ತು ಇದನ್ನು ನೋಡಿದ ಮುದ್ದಕ್ಕ ತಡೆಯಲಾರದೆ ಹತ್ತಿರ ಸರಿದಳು.

“ಬುಡಮ್ಮ ಅತ್ಲಾಗೆ. ತುದಿಯಿಂದ ಬಿಡಿಸ್ಬೇಕು ಅಂತ ನಂಗೆ ಹೇಳ್ಕೊಡ್ತೀಯಾ? ಐವತ್ತು ವರ್ಷದಿಂದ ತುಪ್ಪಟ ಬಿಡಿಸ್ತಾ ಇವ್ನಿ.”

ಅವಳ ಬೆರಳು ಆಡುವುದನ್ನು ನೋಡಿ ದಾಕ್ಷಾಯಣಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ಅಂಥ ಬೆರಳು ಆಸ್ಪತ್ರೆಯಲ್ಲಿ ಇರಲಿಲ್ಲ.

“ಅಯ್ಯೋ ಅಜ್ಜೀ, ನಾನೇನು ಕುರಿಯಾ?”

“ಕುರಿ ಇಷ್ಟು ಕಿರುಚಲ್ಲ ಕಣೇ, ಸುಮ್ಕಿರು.”

ಪಕ್ಕದ ಮನೆಯವಳು ಹೇನಿಗೆಂದು ಸೀಮೆಎಣ್ಣೆಯ ಬುಡ್ಡಿ ತಂದಳು. ದಾಕ್ಷಾಯಣಮ್ಮ ಅದನ್ನು ಹಾಗೇ ವಾಪಸು ಕಳಿಸಿದರು. ಒಲೆಯ ಮುಂದೆ ಕೂರುವ ತಲೆಗೆ ಯಾರಾದರೂ ಸೀಮೆಎಣ್ಣೆ ಹಚ್ಚುತ್ತಾರೆಯೇ? ಹಲ್ಲು ಒತ್ತಾಗಿರುವ ಸೀರಣಿಗೆಯಿಂದ ದಿನಾ ಬಾಚಿ, ಬಂದ ಹೇನನ್ನೂ ಸೀರನ್ನೂ ಬಿಸಿನೀರಿಗೆ ಹಾಕಬೇಕು. ಎರಡು ವಾರ ಬಿಡದೆ ಮಾಡಬೇಕು. ಗಾಯಕ್ಕೆ ಮುಲಾಮು ಕೊಟ್ಟರು. ಮನೆಯವರೆಲ್ಲರ ತಲೆ ನೋಡಬೇಕು ಎಂದರು.

“ನನ್ನ ತಲೇಲಿ ಎಲ್ಲಿ ಬಂತು ಹೇನು!” ಎಂದು ಮುದ್ದಕ್ಕ ಸಿಡುಕಿದಳು. ಸೀರಣಿಗೆ ಎಳೆದಾಗ ಹನ್ನೆರಡು ಬಂದವು. ಗಿರಿಯಮ್ಮ ಒಂದೊಂದನ್ನೇ ಗಟ್ಟಿಯಾಗಿ ಎಣಿಸಿದಳು. ಒಂದೂವರೆ ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಕತ್ತಿನ ಹಿಂದಿನ ಒಂದು ಗಡ್ಡೆ ಮಾತ್ರ ಬಿಡಲಿಲ್ಲ. ಮುದ್ದಕ್ಕ ಕುರಿಯ ಕತ್ತರಿಯನ್ನು ತೊಳೆದು ತಂದು, ಕಣ್ಣು ಮುಚ್ಚಿ ಒಮ್ಮೆ ಕೈ ಮುಗಿದು, ಕತ್ತರಿಸಿದಳು. ಏನೂ ಆಗಲಿಲ್ಲ. ಬೀದಿಯಲ್ಲಿ ಕೋಳಿ ಕೆದಕುತ್ತಿತ್ತು.

ಹುಣ್ಣಿಮೆಯ ಬೆಳಿಗ್ಗೆ ಕದರಮ್ಮ ಮಗಳಿಗೆ ಎರೆದಳು. ಉಗುರು ಬೆಚ್ಚನೆಯ ನೀರು. ಸೀಗೆಯನ್ನು ಬೆರಳ ತುದಿಯಿಂದ ಬುಡಕ್ಕೆ ಮಾತ್ರ ತಿಕ್ಕಿದಳು, ಕೂದಲು ಇಳಿಬಿದ್ದ ಹಾಗೆಯೇ ಇತ್ತು. ಬಿಸಿಲಲ್ಲಿ ಒಣಗಿದ ಮೇಲೆ ಬಾಚಿದಳು. ಗಡ್ಡೆ ಕತ್ತರಿಸಿದ ಕಡೆಗೆ ಉಳಿದದ್ದನ್ನೂ ಸಮ ಮಾಡಿದ್ದರಿಂದ, ಸೊಂಟದವರೆಗೆ ಇದ್ದದ್ದು ಈಗ ಹೆಗಲು ದಾಟಿ ನಾಲ್ಕು ಬೆರಳು ಇಳಿಯುತ್ತಿತ್ತು. ಮೂರು ಎಳೆ ಮಾಡಿ, ಹಣೆಯ ಚರ್ಮ ಎಳೆಯದಂತೆ ಸಡಿಲವಾಗಿ ಹೆಣೆದಳು. ಹೆಣೆದ ಮೇಲೂ ಕೈ ತೆಗೆಯಲು ಅವಳಿಗೆ ಮನಸ್ಸಾಗಲಿಲ್ಲ.

ಗುಡಿಯ ಮುಂದೆ ಹಟ್ಟಿಯ ಜನ ಸೇರಿದ್ದರು. ಹುಡುಗಿಯ ತಲೆ ನೋಡಿ ಚಿಕ್ಕರಂಗಯ್ಯನ ಹುಬ್ಬು ಮೇಲೇರಿತು.

“ಏನ್ ಮುದ್ದಕ್ಕ ಇದು? ಅಮ್ಮನ ಜಡೆ ಎಲ್ಲಿ?”

ಮುದ್ದಕ್ಕ ಸೆರಗಿನ ಗಂಟು ಬಿಚ್ಚಿ, ಕತ್ತರಿಸಿದ ಗಡ್ಡೆಯನ್ನು ಮೆಟ್ಟಿಲ ಮೇಲೆ ಇಟ್ಟಳು.

“ಇಗೋ. ಅಮ್ಮನ ಜಡೆ ಅಮ್ಮನಿಗೆ. ನಮ್ಮ ಜಡೆ ನಮಗೆ ಬುಡು ಅಂತ ಹೇಳಪ್ಪ ತಾಯಿಗೆ. ಈ ಮಗೀನ ಹಟ್ಟೀಲೇ ಬುಡ್ತೀವಿ, ಗುಡಿಗಲ್ಲ.”

ಪೂಜಾರಿ ಗಡ್ಡೆಯನ್ನು ನೋಡಿದ, ಮುದ್ದಕ್ಕನನ್ನು ನೋಡಿದ. ಅವಳ ಜೊತೆ ವಾದ ಮಾಡಿ ಗೆದ್ದವರು ಆ ಹಟ್ಟಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಹೋಗಿ, ಅಮ್ಮನ ಮೇಲಿದ್ದ ಕನಕಾಂಬರದ ಎಳೆಯೊಂದನ್ನು ತಂದು ಹುಡುಗಿಯ ಕೈಯಲ್ಲಿಟ್ಟ.

ಹಿಂದಿನಿಂದ ಯಾರೋ ಮುದ್ದಕ್ಕನ ಸೆರಗು ಜಗ್ಗಿದರು. ಆಂಜಿನಮ್ಮ.

“ಇಪ್ಪತ್ತೆರಡು ವರ್ಷದ್ದು ಬಿಡಿಸಕಾಯ್ತದಾ ಮುದ್ದಕ್ಕ?”

ಮುದ್ದಕ್ಕ ಆ ಮೂರು ಜಡೆಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡಿದಳು.

“ಬಿಡಿಸಕಾಗಲ್ಲ. ಕತ್ತರಿ ಆಡುಸ್ಬೋದು. ನಾಳೆ ಬಾ, ನೀರು ಕಾಯ್ಸಿರ್ತೀನಿ.”

“ಕುದಿಯೋ ನೀರಾ ಅಜ್ಜೀ?” ಎಂದಳು ಗಿರಿಯಮ್ಮ.

“ಉಗುರು ಬೆಚ್ಚಗೆ ಕಣೇ! ನಂಗೇ ಹೇಳಕ್ಕೆ ಬತ್ತಾಳೆ.”

ಅಕ್ಕಂದಿರೇ, ಇದನ್ನು ಓದಿದವರು ಓದಲು ಬಾರದವರಿಗೂ ಹೇಳಿ. ಕೂದಲು ಗಂಟಾಗುವುದು ಎಣ್ಣೆ, ಬೆವರು, ಧೂಳಿನಿಂದ, ಬಾಚದೆ ಬಿಟ್ಟಿದ್ದರಿಂದ. ಅದರಲ್ಲಿ ದೇವರ ಕೋಪವೂ ಇಲ್ಲ, ವರವೂ ಇಲ್ಲ. ಕಾಯಿಲೆಯ ಮಗುವಿನ ಕೂದಲನ್ನು ಸಡಿಲವಾಗಿ ಹೆಣೆದಿಡಿ, ದಿನಕ್ಕೊಮ್ಮೆಯಾದರೂ ಬೆರಳಾಡಿಸಿ. ಹರಳೆಣ್ಣೆ ಹಚ್ಚಿದರೆ ಕೈಗೆ ಅಂಟಿದಷ್ಟೇ ಹಚ್ಚಿ. ವಾರಕ್ಕೊಮ್ಮೆ ತಲೆಗೆ ಎರೆಯಿರಿ. ಒದ್ದೆ ಕೂದಲನ್ನು ಕಟ್ಟಬೇಡಿ, ಒದ್ದೆ ಕೂದಲಿಗೆ ಹೂ ಮುಡಿಸಬೇಡಿ. ಒಬ್ಬರ ಬಾಚಣಿಗೆ ಇನ್ನೊಬ್ಬರಿಗೆ ಬೇಡ. ಗಂಟು ಬಿದ್ದೇ ಬಿದ್ದರೆ ಹೆದರದೆ ತುದಿಯಿಂದ ಬಿಡಿಸಿ. ಬಿಡದಿದ್ದರೆ ಕತ್ತರಿಸಿ. ಕೂದಲು ಮತ್ತೆ ಬರುತ್ತದೆ, ಬಿಟ್ಟುಕೊಟ್ಟ ಮಗಳು ಬರುವುದಿಲ್ಲ.

ಇವತ್ತು ಮಧ್ಯಾಹ್ನ ಕೆಲಸ ಮುಗಿದ ಮೇಲೆ ಮಗಳನ್ನು ಮುಂದೆ ಕೂರಿಸಿಕೊಳ್ಳಿ. ಮನೆಯಲ್ಲಿ ಹೂ ಮುಡಿಯದ ಹೆಂಗಸು ಇದ್ದರೆ ಅವಳನ್ನೂ ಕರೆದು ಕೂರಿಸಿ, ಅವಳ ತಲೆಯನ್ನೂ ಬಾಚಿ. ಅವಳು ತಾನಾಗಿ ಕೇಳುವುದಿಲ್ಲ.