ಹಳೆಯ ಸೂರ್ಯನ ಲೆಕ್ಕ

ಗೋಡೆಯ ಗಡಿಯಾರದಲ್ಲಿ ಇನ್ನು ಆರು ನಿಮಿಷ ಉಳಿದಿತ್ತು. ಕರಿ ಉಡುಪು ತೊಟ್ಟು ಪೀಠದ ಹಿಂದೆ ನಿಂತಿದ್ದ ಫ್ರೌಕೆ ಎದುರು ಸಾಲಿನ ಪ್ರೊಫೆಸರುಗಳನ್ನು ಬಿಟ್ಟು ಅದನ್ನೇ ನೋಡುತ್ತಿದ್ದಳು. ಗ್ರೋನಿಂಗನ್‌ನಲ್ಲಿ ಪಿಎಚ್.ಡಿ. ಮೌಖಿಕ ಪರೀಕ್ಷೆ ಎಂದರೆ ನಲವತ್ತೈದೇ ನಿಮಿಷ. ದಂಡಧಾರಿ ಬಂದು ಕೋಲು ಕುಟ್ಟಿದನೆಂದರೆ ಮತ್ತೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ.

ಒಂಬತ್ತು ದಿನದ ಹಿಂದೆ, ಪ್ರಬಂಧ ಅಚ್ಚಾಗಿ ಬಂದ ಮೇಲೆ, ಅದರೊಳಗಿನ ತಪ್ಪು ಅವಳ ಕಣ್ಣಿಗೆ ಬಿದ್ದಿತ್ತು. ತಟ್ಟೆಯಂಥ ಗ್ಯಾಲಕ್ಸಿಗಳು ನಡುವಿನಿಂದ ಅಂಚಿಗೆ ಬೆಳೆಯುತ್ತ ಹೋದವು. ಹಾಗಾಗಿ ಒಳಗಿನ ನಕ್ಷತ್ರಗಳಲ್ಲಿ ಆಮ್ಲಜನಕ ಹೆಚ್ಚು, ಹೊರಗೆ ಹೋದಷ್ಟೂ ಕಡಿಮೆ. ಆ ಇಳಿಜಾರು ಎಲ್ಲರೂ ತಿಳಿದದ್ದಕ್ಕಿಂತ ಕಡಿದಾಗಿದೆ ಎಂಬುದೇ ಅವಳ ನಾಲ್ಕು ವರ್ಷದ ದುಡಿಮೆ. ಅಳೆಯುವುದೆಲ್ಲ ಸೂರ್ಯನಿಗೆ ಹೋಲಿಸಿ; ಬಂದ ವ್ಯತ್ಯಾಸವನ್ನು ಸೂರ್ಯನ ಆಮ್ಲಜನಕದ ಅಂಕಿಗೆ ಕೂಡಿಸಬೇಕು. ಆ ಸೂರ್ಯನ ಅಂಕಿಯನ್ನೇ ಬಲ್ಲವರು ಹಿಂದೊಮ್ಮೆ ಇಳಿಸಿದ್ದರು. ಹೊರಗಿನ ನಕ್ಷತ್ರಗಳಿಗೆ ಹೊಸ ಅಂಕಿ ಹಿಡಿದವಳು ಒಳಗಿನವಕ್ಕೆ ಹಳೆಯದನ್ನೇ ಹಿಡಿದಿದ್ದಳು. ಸರಿಪಡಿಸಿದರೆ ಇಳಿಜಾರು ಅರ್ಧಕ್ಕರ್ಧ ಮಾಯ.

"ಯಾರೂ ನೋಡಿಲ್ಲ, ಸುಮ್ನಿರು," ಎಂದಿದ್ದರು ಮಾರ್ಗದರ್ಶಕ ಬೆರೆಂಡ್. "ನಲವತ್ತೈದು ನಿಮಿಷ ಹೇಗೋ ತಳ್ಳಿಬಿಡು. ಆಮೇಲೆ ನೋಡ್ಕೊಳ್ಳೋಣ." ಅವಳಿಗೆ ನಾಚಿಕೆಯಾಗಿತ್ತು. ಆದರೂ ಸುಮ್ಮನಿದ್ದಳು.

ಕೊನೆಯ ಸರದಿ ನಿವೃತ್ತ ಪ್ರೊಫೆಸರ್ ಸಿಕ್ಮಾ ಅವರದು. ಎಂಬತ್ತರ ಮುದುಕ, ಪುಸ್ತಕ ಕೊಟ್ಟರೆ ಅಡಿಟಿಪ್ಪಣಿಯಿಂದ ಓದಲು ಶುರುಮಾಡುವ ಆಸಾಮಿ. ಎದ್ದವರು ಮೊದಲು ಮುಖಪುಟ ಹೊಗಳಿದರು. ತಮ್ಮ ಕಾಲದಲ್ಲಿ ಗಾಜಿನ ಫಲಕದ ಮೇಲೆ ನಕ್ಷತ್ರ ಅಳೆಯುತ್ತಿದ್ದ ಕತೆ ತೆಗೆದರು. ನಿಧಾನವಾಗಿ ನೀರು ಕುಡಿದರು. ಬೆರೆಂಡ್ ನೆಮ್ಮದಿಯಿಂದ ಕುರ್ಚಿಗೊರಗಿದರು.

"ಈಗ ಒಂದೇ ಪ್ರಶ್ನೆ," ಎಂದರು ಸಿಕ್ಮಾ. "ಪುಟ ತೊಂಬತ್ತೊಂದು. ಒಳಗಿನ ನಕ್ಷತ್ರಗಳಿಗೆ ನೀವು ಹಿಡಿದದ್ದು ಯಾವ ಸೂರ್ಯ?"

ಫ್ರೌಕೆ ಗಡಿಯಾರದತ್ತ ನೋಡಿದಳು. "ಘನವಿದ್ವಾಂಸರೇ," ಎಂದಳು, ಅಲ್ಲಿ ಹಾಗೇ ಕರೆಯಬೇಕು. "ಅದು..."

ಬಾಗಿಲು ತೆರೆಯಿತು. ಬೆಳ್ಳಿಯ ಕೋಲು ನೆಲಕ್ಕೆ ಬಡಿಯಿತು. "ಹೋರಾ ಎಸ್ಟ್!" ಎಂದ ದಂಡಧಾರಿ. ಹೊತ್ತು ಮುಗಿದಿತ್ತು. ಬದುಕಿದೆ ಎನಿಸಿತು ಅವಳಿಗೆ. ಮರುಗಳಿಗೆಯೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಪದವಿ ಬಂತು. ಪಕ್ಕದ ಕೋಣೆಯಲ್ಲಿ ಬಿಯರು, ಬಿಸಿಬಿಸಿ ಕರಿದ ಮಾಂಸದುಂಡೆ, ಹೂ ಕೊಟ್ಟು ಕೈಕುಲುಕುವವರ ಸಾಲು. ಸಿಕ್ಮಾ ಎಲ್ಲರಿಗಿಂತ ಕೊನೆಗೆ ಬಂದರು.

"ನೀವು ಬೇಕಂತಲೇ ಹೊತ್ತು ಕಳೆದ್ರಿ," ಎಂದಳು ಫ್ರೌಕೆ.

"ವಯಸ್ಸಾಯ್ತಮ್ಮ, ಮಾತು ಉದ್ದ ಆಗತ್ತೆ." ತಮ್ಮ ಪ್ರತಿಯನ್ನು ಚಾಚಿದರು. "ಸಹಿ ಹಾಕ್ಕೊಡು."

ಅವಳು ಮೊದಲ ಪುಟ ತೆರೆಯಲಿಲ್ಲ. ತೊಂಬತ್ತೊಂದಕ್ಕೆ ಹೋಗಿ, 8.93 ಎಂದಿದ್ದ ಹಳೆಯ ಅಂಕಿಯನ್ನು ಹೊಡೆದುಹಾಕಿ 8.69 ಎಂದು ಬರೆದಳು.

ಸಿಕ್ಮಾ ಕನ್ನಡಕ ಏರಿಸಿ ನೋಡಿದರು. "ನನ್ನದ್ರಲ್ಲಿ ಮಾತ್ರಾನಾ?"

ಬಂದವರು ಒಯ್ಯಲೆಂದು ಮೇಜಿನ ಮೇಲೆ ನೂರಕ್ಕೂ ಹೆಚ್ಚು ಪ್ರತಿಗಳನ್ನು ಪೇರಿಸಿಟ್ಟಿದ್ದರು. ಆ ತುದಿಯಿಂದ ಬೆರೆಂಡ್ ಲೋಟ ಎತ್ತಿ ಅವಳನ್ನು ಕರೆಯುತ್ತಿದ್ದರು. ಫ್ರೌಕೆ ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತು, ಎರಡನೆಯ ಪ್ರತಿ ತೆಗೆದಳು.