ಪಕ್ಕದಲ್ಲಿ ಕೂತವರಿಗೆ ಮಾತ್ರ

ಇಂಡೊನೇಷ್ಯಾದ ಯೋಗ್ಯಕರ್ತಾ ಊರಿನ ಆ ಹಳೆಯ ಓಣಿಗೆ ಜಿಟಿಜಿಟಿ ಮಳೆ ಬೇಕಾಗಿದ್ದ ದಿನವೇ ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿತ್ತು. ತಪ್ಪು ಆಕಾಶದ್ದಲ್ಲ. ಚಿತ್ರೀಕರಣ ಎಂದರೆ ಮಳೆ ತಡೆಯುವ ಮಂತ್ರವಾದಿ ಪವಾಂಗನನ್ನು ಕರೆಸಲೇಬೇಕು ಎಂಬುದು ಅಲ್ಲಿನ ರೂಢಿ. ಮ್ಯಾನೇಜರು ಅಭ್ಯಾಸಬಲದಿಂದ ಈ ಚಿತ್ರಕ್ಕೂ ಕರೆಸಿಬಿಟ್ಟಿದ್ದ. ಕಥೆಯ ತುಂಬ ಮಳೆಯೇ ಇದೆ ಎಂಬುದು ಆ ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ. ಪವಾಂಗ ವಾಗಿಮಾನ್ ಬೆಳಿಗ್ಗೆಯೇ ಬಂದು, ಕಡ್ಡಿಗೆ ಕೆಂಪು ಮೆಣಸಿನಕಾಯಿ, ಸಣ್ಣ ಈರುಳ್ಳಿ ಚುಚ್ಚಿ ಅಂಗಳದ ಮೂಲೆಯಲ್ಲಿ ನೆಟ್ಟು ಉಪವಾಸ ಕೂತಿದ್ದ. ಸುಳ್ಳು ಮಳೆ ಸುರಿಸಬೇಕಾದ ಟ್ಯಾಂಕರು ದಾರಿಯಲ್ಲಿ ಕೆಟ್ಟು ನಿಂತಿತ್ತು.

"ಅದನ್ನ ಕಿತ್ತು ಹಾಕಪ್ಪ, ಒಂಚೂರು ಮಳೆ ಬರಲಿ," ಎಂದ ನಿರ್ದೇಶಕ ಬಗಸ್ಕರ.

"ಕೀಳ್ತೀನಿ ಅಣ್ಣ. ಆದ್ರೆ ಓಡಿಸಿದ ಮೋಡ ಕರೆದ ತಕ್ಷಣ ಬರೋಕೆ ಅದೇನು ನಿಮ್ಮ ಡ್ರೈವರಾ?"

ಹೀಗಾಗಿ ಎಲ್ಲರೂ ಕಾಯುತ್ತ ಕೂತರು. ಜಗಲಿಯ ಕಂಬಕ್ಕೊರಗಿದ್ದ ಲಾರಸ್ತಿಗೆ ಕಾಯುವುದರಲ್ಲಿ ಬೇಸರವಿರಲಿಲ್ಲ. ಅವಳು ಕಟ್ಟಿದ ವಿಡಿಯೋ ಗೇಮೇ ಈಗ ಸಿನಿಮಾ ಆಗುತ್ತಿತ್ತು. ಆ ಆಟದಲ್ಲಿ ಹುಡುಗಿಯೊಬ್ಬಳು ಮಳೆಯ ಓಣಿಯಲ್ಲಿ ಬಸ್ಸು ಹಿಡಿಯಲು ಹೊರಟಿದ್ದಾಳೆ. ಜಗಲಿಯಲ್ಲಿ ಅವಳ ಅಮ್ಮ ಸೋಯಾ ಕಾಳಿನ ತೆಂಪೆ ಬಿಲ್ಲೆ ಕರಿಯುತ್ತಿದ್ದಾಳೆ. ಆಡುವವರೆಲ್ಲ ಬಸ್ಸಿನ ಕಡೆಗೇ ಓಡುತ್ತಾರೆ. ಯಾರೋ ಒಬ್ಬರು ಹುಡುಗಿಯನ್ನು ಅಮ್ಮನ ಪಕ್ಕ ಕೂರಿಸಿ, ಗುಂಡಿಗಳ ಮೇಲಿನ ಕೈ ತೆಗೆದು ಸುಮ್ಮನೆ ಇದ್ದುಬಿಟ್ಟರೆ, ಬಹಳ ಹೊತ್ತಿನ ಮೇಲೆ ಅಮ್ಮ ತಲೆಯೆತ್ತಿ ಕೇಳುತ್ತಾಳೆ: "ಊಟ ಆಯ್ತೇನೇ?"

ಲಾರಸ್ತಿಯ ಅಮ್ಮನೂ ಹೀಗೇ ಕರಿಯುತ್ತ ಕೂತಿರುತ್ತಿದ್ದಳು. ಮಗಳು ಚಪ್ಪಲಿ ಮೆಟ್ಟುತ್ತಲೇ "ಹೊತ್ತಾಯ್ತಮ್ಮ" ಎಂದು ಓಡುತ್ತಿದ್ದಳು. ಅಮ್ಮ ತೀರಿಕೊಂಡಾಗ ಅವಳು ಜಕಾರ್ತದಲ್ಲಿದ್ದಳು. ತಾನು ಕೂರದ ಜಾಗದಲ್ಲಿ ಬೇರೆ ಯಾರಾದರೂ ಕೂರಲಿ ಎಂದೇ ಅವಳು ಆ ಆಟ ಕಟ್ಟಿದ್ದು. ಅಮ್ಮ ಊಟ ಕೇಳುವ ಆ ಮಾತು ಸಿನಿಮಾದಲ್ಲಿ ಇರಲೇಬೇಕು ಎಂದು ಹಟ ಹಿಡಿದು ಬರೆಸಿಕೊಂಡ ಮೇಲೇ ಸಹಿ ಹಾಕಿದ್ದಳು.

ಬಗಸ್ಕರನಿಗೆ ಅದೇ ತಲೆನೋವು. "ಆಟದಲ್ಲಿ ಕೂರೋದು ಆಡೋನ ಇಷ್ಟ. ಇಲ್ಲಿ ಕೂರಿಸೋರು ನಾವು. ನೋಡೋನು ಹೇಗೂ ಕುರ್ಚಿಯಲ್ಲಿ ಬಿದ್ದಿರ್ತಾನೆ. ಅಮ್ಮ ಮಾತಾಡಿದ್ಳು ಅಂತ ಅವನಿಗೇನಾಗ್ಬೇಕು, ಹೇಳಿ."

"ಏನಾದ್ರೂ ಆಗುತ್ತೆ. ನೀವು ಶೂಟ್ ಮಾಡಿ," ಎಂದು ಅವಳು ಬಾಯಿ ಮುಚ್ಚಿಸಿದ್ದಳು.

ಅಮ್ಮನ ಪಾತ್ರದ ಬು ಸುಮಿಯಾತಿ ಹಳೆಯ ನಾಟಕ ಕಂಪನಿಯ ನಟಿ. ಕಾದ ಎಣ್ಣೆ ದಂಡ ಯಾಕೆ ಎಂದು ವೇಷದಲ್ಲೇ ಕೂತು ತಂಡಕ್ಕೆಲ್ಲ ತೆಂಪೆ ಕರಿಯುತ್ತಿದ್ದರು. ಮಧ್ಯಾಹ್ನ ಕರಗುತ್ತಿತ್ತು. ಲೈಟಿನ ಹುಡುಗರು ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ಎಣ್ಣೆಯ ಚಟಪಟ ಹೆಂಚಿನ ಮೇಲಿನ ಮಳೆಯಾಯಿತು, ಓಣಿ ಬಾಲ್ಯದ ಓಣಿಯಾಯಿತು, ಲಾರಸ್ತಿಯ ರೆಪ್ಪೆ ಭಾರವಾಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ ಅವಳಿಗೇ ಗೊತ್ತಿಲ್ಲ.

"ಊಟ ಆಯ್ತೇನೇ?"

ಬು ಸುಮಿಯಾತಿ ಬಾಣಲೆಯಿಂದ ಕಣ್ಣೆತ್ತಿರಲಿಲ್ಲ. ಅದು ಸಂಭಾಷಣೆ ಎಂಬ ನೆನಪೂ ಆಕೆಗಿದ್ದಂತಿರಲಿಲ್ಲ. ಪಕ್ಕದಲ್ಲಿ ಒಂದು ಜೀವ ಬಹಳ ಹೊತ್ತಿನಿಂದ ಕೂತಿತ್ತು, ಕೇಳಿದರು, ಅಷ್ಟೇ.

"ಇಲ್ಲಮ್ಮ," ಎಂದಳು ಲಾರಸ್ತಿ. ಅಂಗೈಗೆ ಬಿಸಿ ತೆಂಪೆಯೂ ಹಸಿಮೆಣಸಿನಕಾಯಿಯೂ ಬಂದು ಬಿದ್ದವು. ಅವಳು ತಿನ್ನುತ್ತ ಅತ್ತಳು. ಖಾರ ಎಂದು ಯಾರೋ ನೀರು ತಂದುಕೊಟ್ಟರು.

ಸಂಜೆಯ ಹೊತ್ತಿಗೆ ಮೋಡ ಮನಸ್ಸು ಮಾಡಿತು. ಹನಿಯುವ ಓಣಿಯಲ್ಲಿ ಕ್ಯಾಮೆರಾ ಓಡಿತು. ನಟಿಸುವ ಹುಡುಗಿ ಬಂದು ಕೂತಳು. ಬು ಸುಮಿಯಾತಿ ಎಷ್ಟು ಬೇಕೋ ಅಷ್ಟು ತಡೆದು, ತಲೆಯೆತ್ತಿ, ಮಾತನ್ನು ಮುತ್ತಿನಂತೆ ಆಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರು ಕಣ್ಣೊರೆಸಿಕೊಂಡ. ಲಾರಸ್ತಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಕೂರು ಎಂದದ್ದಕ್ಕೆ ಕೂತವಳಿಗೆ, ಕೇಳು ಎಂದದ್ದಕ್ಕೆ ಕೇಳಿದ ಮಾತು ಅದು.

"ತೆಗೆದುಬಿಡಿ ಅಣ್ಣ," ಎಂದಳು.

"ಯಾವುದನ್ನ?"

"ಕೂರೋದನ್ನ, ಆ ಮಾತನ್ನ. ಹುಡುಗಿ ಹಾಗೇ ಹೋಗಿಬಿಡ್ಲಿ."

"ಇಷ್ಟು ದಿನ ಇದಕ್ಕೇ ನನ್ನ ಪ್ರಾಣ ತಿಂದ್ರಲ್ರೀ."

"ಹೌದು, ತಿಂದೆ." ಅಮ್ಮನನ್ನು ಇನ್ನೊಮ್ಮೆ ಮಣ್ಣು ಮಾಡಿದಂತೆ ಅವಳಿಗೆ ಸಂಕಟವಾಗುತ್ತಿತ್ತು. ಬಗಸ್ಕರ ಅವಳ ಮುಖ ನೋಡಿ, ದೃಶ್ಯವನ್ನು ಮತ್ತೆ ತೆಗೆಯಲು ಕ್ಯಾಮೆರಾ ಹಿಂದಕ್ಕೆ ಹೋದ.

ಮೊದಲ ಪ್ರದರ್ಶನದ ಮಧ್ಯಾಹ್ನ ಲಾರಸ್ತಿ ಹಿಂದಿನ ಸಾಲಿನಲ್ಲಿ ಮುದುಡಿ ಕೂತಿದ್ದಳು. ಆ ಆಟ ಆಡಿದ ಎಷ್ಟೋ ಜನ ಬಂದಿದ್ದರು. ತೆರೆಯ ಮೇಲೆ ಹುಡುಗಿ ಜಗಲಿಯ ಹತ್ತಿರ ಬಂದಳು. ಅಮ್ಮ ಬಾಣಲೆಯ ಮುಂದೆ ಇದ್ದಳು. ಲಾರಸ್ತಿಯ ಪಕ್ಕದ ಅಪರಿಚಿತನ ಹೆಬ್ಬೆರಳು ತೊಡೆಯ ಮೇಲೆ ಇಲ್ಲದ ಗುಂಡಿಯನ್ನು ಒತ್ತಿತು, ಇನ್ನೊಮ್ಮೆ ಒತ್ತಿತು.

"ಕೂತ್ಕೊ," ಎಂದಿತು ಕತ್ತಲಲ್ಲಿ ಒಂದು ದನಿ.

"ಒಂದ್ನಿಮಿಷ ಕೂತ್ಕೊಳೇ, ಕೇಳ್ತಾಳೆ," ಎಂದಿತು ಮತ್ತೊಂದು.

ಅಮ್ಮ ತಲೆಯೆತ್ತಿದಳು. ತುಟಿ ತುಸು ಬಿರಿಯಿತು.

"ಕೂತ್ಕೊಳೇ," ಎಂದಳು ಲಾರಸ್ತಿಯೂ.

"ಹೊತ್ತಾಯ್ತಮ್ಮ," ಎಂದು ಹುಡುಗಿ ಮಳೆಯಲ್ಲಿ ನಡೆದುಬಿಟ್ಟಳು.